ಬಯೋಡಾಟಾ ಹೊಡೆಯುತ್ತಿದ್ದ ಮಾಸ್ತರು

ಬ್ರೂಸ್‌ಪೇಟೆಯಲ್ಲಿ ಚಹಾದಂಗಡಿ ಇಟ್ಟಿರುವ ಕಾಸಿಂಸಾಬರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು, "ನಿಮ್ಮ ಮಾಸ್ತರ್ ಹೋಗಿಬಿಟ್ರಲ್ರೀ" ಎಂದಾಗ ನನ್ನ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಕಣ್ಣೀರು ಆಮೇಲೆ ಬಂತು. ಮೊದಲು ನೆನಪಾದದ್ದು ಏಟು. ಅದು ಬಿದ್ದು ಹತ್ತು ಹನ್ನೆರಡು ವರ್ಷವಾಗಿದ್ದರೂ ಕೆನ್ನೆ ಮರೆತಿರಲಿಲ್ಲ. ನಮ್ಮ ಕಾಲದಲ್ಲಿ ಆ ಮನುಷ್ಯನಿಂದ ಬೈಗುಳವನ್ನೋ ಏಟನ್ನೋ ತಿನ್ನದೆ ಬಳ್ಳಾರಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದವರು ಕಡಿಮೆ.

ಮಾಸ್ತರು ಎಂದು ಕರೆಯುತ್ತಿದ್ದೆವೇ ಹೊರತು ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬ್ರೂಸ್‌ಪೇಟೆಯ ಒಣಮೆಣಸಿನಕಾಯಿಯ ಸಗಟು ಅಂಗಡಿಯೊಂದರ ಮೇಲೆ ಕೋಣೆ ಹಿಡಿದು, ಹಳೆಯ ಟೈಪ್‌ರೈಟರ್ ಒಂದನ್ನು ಇಟ್ಟುಕೊಂಡು, ಕೆಲಸ ಹುಡುಕುವ ಹುಡುಗರಿಗೆ ಬಯೋಡಾಟಾ ಬರೆದು ಟೈಪು ಮಾಡಿ ಕೊಡುತ್ತಿದ್ದರು. ಕೋರ್ಟಿನ ಕಾಗದ, ಬಾಡಿಗೆ ಕರಾರು ಯಾವುದನ್ನೂ ಮುಟ್ಟುತ್ತಿರಲಿಲ್ಲ. "ಮಾರಾವ್ರದ್ದು ಅಷ್ಟ ತರ್ರಿ. ಉಳದದ್ದಕ್ಕ ಕೋರ್ಟಿನ ಮುಂದ ಮರದ ಕೆಳಗ ಬೇಕಾದಷ್ಟು ಮಂದಿ ಕುಂತಾರ" ಎನ್ನುತ್ತಿದ್ದರು. ಎಪ್ಪತ್ತರ ದಶಕ ಅದು. ಸೋಪಿನ ಕಂಪನಿ, ಗೊಬ್ಬರದ ಕಂಪನಿ, ಮಾತ್ರೆಯ ಕಂಪನಿ, ಬೆಳೆಗೆ ಹೊಡೆಯುವ ಎಣ್ಣೆಯ ಕಂಪನಿ, ಎಲ್ಲಕ್ಕೂ ಊರೂರು ತಿರುಗುವ ಹುಡುಗರು ಬೇಕಾಗಿದ್ದರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು.

ಕೆಳಗಿನ ಅಂಗಡಿಯ ಮೆಣಸಿನಕಾಯಿಯ ಘಾಟು ಮೇಲಿನವರೆಗೆ ಏರಿ ಬರುತ್ತಿತ್ತು. ಕೆಮ್ಮುತ್ತ ಹೋಗಿ ಕೆಮ್ಮುತ್ತ ಇಳಿಯಬೇಕು. ಅವರು ಕೆಮ್ಮಿದ್ದನ್ನು ನಾನು ನೋಡಲಿಲ್ಲ. ಕೀಲಿಗಳನ್ನು ಅವರು ಕುಟ್ಟುತ್ತಿದ್ದ ರಭಸಕ್ಕೆ ಕಾಗದದಲ್ಲಿ ಅಕ್ಷರ ಮೂಡುವ ಬದಲು ತೂತು ಬೀಳುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಇಂಗ್ಲಿಷಿನ ಓ ಅಕ್ಷರವೆಲ್ಲ ಕಿಂಡಿಗಳು. ಅದೂ ಎಂಟು ಬೆರಳಿನಲ್ಲಿ. ಬಲಗೈಯ ಕೊನೆಯ ಎರಡು ಬೆರಳುಗಳು ಸೊಟ್ಟಗೆ ಸೆಟೆದುಕೊಂಡಿದ್ದವು, ಮಡಚಲು ಬರುತ್ತಿರಲಿಲ್ಲ. ಯಾರಾದರೂ ನೋಡುತ್ತಿದ್ದರೆ, "ಏನ್ ನೋಡ್ತೀಯಲೇ? ಸಿರುಗುಪ್ಪದಾಗ ಹೊಡದಾಗ ಮುರದದ್ದು" ಎಂದುಬಿಡುತ್ತಿದ್ದರು. ಅರವತ್ತರ ದಶಕದಲ್ಲಿ ಅವರೂ ಎಣ್ಣಿ ಕಂಪನಿಯೊಂದರ ಸೇಲ್ಸ್‌ಮನ್ ಆಗಿದ್ದವರು, ಸಿರುಗುಪ್ಪದ ರೈತರು ಯಾವುದೋ ಸಿಟ್ಟಿಗೆ ಹಿಡಿದು ಬಡಿದಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು. ಅದಕ್ಕೇ ಈ ಮನುಷ್ಯ ಲೋಕದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂಬುದು ಕಾಸಿಂಸಾಬರ ಅಭಿಪ್ರಾಯ.

ಹೊಡೆ ಎಂಬ ಶಬ್ದ ಇಲ್ಲದಿದ್ದರೆ ಆ ಕೋಣೆಯಲ್ಲಿ ವ್ಯವಹಾರವೇ ನಡೆಯುತ್ತಿರಲಿಲ್ಲ. ಟೈಪ್ ಹೊಡೆಯುವುದು, ಎಣ್ಣಿ ಹೊಡೆಯುವುದು, ಚಾ ಹೊಡೆಯುವುದು, ಲೈನ್ ಹೊಡೆಯುವುದು. ಲೈನ್ ಎಂದರೆ ಒಬ್ಬ ಸೇಲ್ಸ್‌ಮನ್ ತಿಂಗಳಿಗೊಮ್ಮೆ ಸುತ್ತಿ ಬರಬೇಕಾದ ಊರುಗಳ ಸಾಲು. ಒಬ್ಬ ಹುಡುಗ ತನ್ನ ಬಯೋಡಾಟಾವನ್ನು ತಾನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದ. ಎರಡು ವರ್ಷ ರೈತರ ಹೊಲಕ್ಕೆ ಎಣ್ಣಿ ಹೊಡೆಸಿದ್ದೇನೆ ಎನ್ನುವುದು ಅವನ ಇಂಗ್ಲಿಷಿನಲ್ಲಿ, ಎರಡು ವರ್ಷ ರೈತರನ್ನು ಎಣ್ಣೆ ಹಚ್ಚಿ ಬಡಿದಿದ್ದೇನೆ ಎಂದಾಗಿತ್ತು. ಮಾಸ್ತರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮರದ ಸ್ಕೇಲಿನಿಂದ ಅವನ ಮೊಣಕೈಗೆ ಎರಡು ಕೊಟ್ಟರು.

ಬಯೋಡಾಟಾದ ವಿಷಯಕ್ಕೆ ಅವರ ಶಾಸ್ತ್ರ ಬೇರೆಯೇ ಇತ್ತು. ಆಗಿನ ಹುಡುಗರು ಗೋತ್ರ, ನಕ್ಷತ್ರ, ಮೈಬಣ್ಣ ಎಲ್ಲ ಬರೆದುಕೊಂಡು ಬರುತ್ತಿದ್ದರು. "ಇದೇನು ಜಾತಕ ಅಂತ ತಿಳಕೊಂಡಿಯೇನು? ಮ್ಯಾನೇಜರ್ ನಿನಗ ಮಗಳನ್ನ ಕೊಡ್ತಾನಾ?" ಎಂದು ಹಾಳೆ ಹರಿಯುತ್ತಿದ್ದರು. ಶ್ರಮಜೀವಿ, ಪ್ರಾಮಾಣಿಕ ಎಂದು ಬರೆದರೆ, "ಕತ್ತೆನೂ ಶ್ರಮಜೀವಿನ. ಅದಕ್ಯಾರು ನೌಕರಿ ಕೊಟ್ಟಾರ?" ನಾನು ಬಡವರ ಮಗ, ದಯವಿಟ್ಟು ಕೃಪೆ ತೋರಬೇಕು ಎಂದು ಶುರುಮಾಡಿದವನನ್ನು ಕೊರಳಪಟ್ಟಿ ಹಿಡಿದು ಮೆಟ್ಟಿಲಿನವರೆಗೆ ದಬ್ಬಿಕೊಂಡು ಹೋಗಿ, "ಭಿಕ್ಷಾ ಬೇಡಾಕ ಹೊಂಟಿಯೋ, ಮಾರಾಕ ಹೊಂಟಿಯೋ? ಮೊದಲು ಅದನ್ನ ತೀರ್ಮಾನ ಮಾಡ್ಕೊಂಡ್ ಬಾ" ಎಂದು ಬಿಟ್ಟರು. ಹಾಳೆ ಒಂದೇ ಇರಬೇಕು. ಯಾವ ಊರು, ಯಾವ ಅಂಗಡಿ, ಏನು ಮಾರಿದೆ, ಎಷ್ಟು ಸಲ ಹೋದೆ, ಇಷ್ಟು ಬರೆಯಬೇಕು. "ಮೊದಲನೇ ಸಲ ಯಾವನ್ ಬೇಕಾದ್ರೂ ಮಾರ್ತಾನ. ಬಾಯಿ ಇದ್ರ ಸಾಕು. ಎರಡನೇ ಸಲ ನಿನ್ನ ಕೈಯಾಗ ಯಾರು ತಗೊಂಡ್ರು, ಅವರ ಹೆಸರು ಹೇಳು." ಈ ಒಂದು ಮಾತನ್ನು ನಾನು ಈಗ ನನ್ನ ಮೇಜಿಗೆ ಬರುವ ಅರ್ಜಿಗಳ ಮೇಲೆ ಪ್ರಯೋಗಿಸುತ್ತೇನೆ. ಹತ್ತರಲ್ಲಿ ಒಂಬತ್ತು ಅಲ್ಲೇ ಸಾಯುತ್ತವೆ.

ಹೊಡೆತದಿಂದ ಮನುಷ್ಯ ಉದ್ಧಾರವಾಗುತ್ತಾನೆ ಎಂದು ಸಾರಲು ನಾನಿದನ್ನು ಬರೆಯುತ್ತಿಲ್ಲ. ಒಮ್ಮೆ ಅವರು ಎಸೆದ ಸ್ಟೇಪ್ಲರ್ ಒಬ್ಬ ಹುಡುಗನ ಹುಬ್ಬಿಗೆ ಬಿದ್ದು ಹುಬ್ಬು ಸೀಳಿತು. ಅವನು ಮಾಡಿದ ತಪ್ಪು ಇಷ್ಟೇ: ಹೋಗದ ಊರಿನ ಹೆಸರು ಬರೆಸಿದ್ದ. ಅಂಗಿಯೆಲ್ಲ ರಕ್ತ. ಮಾಸ್ತರೇ ಅವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು, ಹೊಲಿಗೆ ಹಾಕುವ ಕಂಪೌಂಡರಿಗೆ "ಏಮಯ್ಯಾ, ಗೋಣಿಚೀಲ ಹೊಲಿತೀಯೇನು, ಮೆತ್ತಗ ಹೊಲಿ" ಎಂದು ಅಲ್ಲಿಯೂ ಕೂಗಾಡಿದರು. ಆ ಹುಡುಗ ಮತ್ತೆ ಬ್ರೂಸ್‌ಪೇಟೆಯ ಕಡೆ ತಲೆ ಹಾಕಲಿಲ್ಲ. ಅವನಿಗೆ ಕೆಲಸ ಸಿಕ್ಕಿತೋ ಇಲ್ಲವೋ ನಮಗೆ ತಿಳಿಯದು. ಅಂಥ ದಿನ ನಾನು ಅವರನ್ನು ದ್ವೇಷಿಸಿದ್ದುಂಟು.

ಇನ್ನು ನನ್ನ ಕಥೆ. ನಾನು ಕುರುಗೋಡಿನವನು. ಬಿ.ಕಾಂ. ಮುಗಿಸಿ ಬಳ್ಳಾರಿಯ ಒಬ್ಬ ಎಣ್ಣಿ ವ್ಯಾಪಾರಿಯ ಬಳಿ ಸೈಕಲ್ ಮೇಲೆ ಊರೂರು ತಿರುಗುವ ಕೆಲಸಕ್ಕೆ ಸೇರಿದ್ದೆ. ಹನ್ನೊಂದು ತಿಂಗಳಿಗೆ ಅದು ಮುಗಿಯಿತು. ಕುರುಗೋಡಿನ ಸಂತೆಯಲ್ಲಿ ಒಬ್ಬ ರೈತ ನಾನು ಮಾರಿದ ಡಬ್ಬಿಯನ್ನು ಎತ್ತಿ ಹಿಡಿದು, "ಈ ಎಣ್ಣಿ ಹೊಡದ್ರ ಹುಳ ಸಾಯಲಿಲ್ರಪ್ಪ, ಕುಡದು ದಪ್ಪ ಆದವು. ನೋಡ್ರಿ, ಇವನೇ ಆ ಕಳ್ಳ" ಎಂದ. ಸಂತೆಯೆಲ್ಲ ನಕ್ಕಿತು. ನನ್ನ ಊರು, ನನ್ನನ್ನು ಚಡ್ಡಿಯಲ್ಲಿ ನೋಡಿದ ಜನ. ನಾನು ಅದೇ ಡಬ್ಬಿಯನ್ನು ಕಸಿದು ಅವನ ಬಾಯಿಗೆ ಬಡಿದೆ. ಮುಂದಿನ ಹಲ್ಲು ಮುರಿದು ಗದ್ದದ ಮೇಲೆ ರಕ್ತ ಇಳಿಯಿತು. ಡಬ್ಬಿಗಳು ಹಳೆಯ ದಾಸ್ತಾನು, ಕಸುವು ಹೋಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಸಿಟ್ಟು ಬಂದದ್ದು.

ಅದಾದ ಮೇಲೆ ನನ್ನೂರಿನಲ್ಲೇ ನಾನು ಆ ರೈತನ ಓಣಿ ತಪ್ಪಿಸಿ ಸುತ್ತು ಹಾಕಿಕೊಂಡು ನಡೆಯುತ್ತಿದ್ದೆ. ಮೂರು ತಿಂಗಳು ಖಾಲಿ ಕೂತೆ. ಅಷ್ಟರಲ್ಲಿ ಮದರಾಸಿನ ದೊಡ್ಡ ಎಣ್ಣಿ ಕಂಪನಿಯೊಂದು ಬಳ್ಳಾರಿ ಜಿಲ್ಲೆಗೆ ಒಬ್ಬ ಹುಡುಗನನ್ನು ತೆಗೆದುಕೊಳ್ಳುತ್ತದೆ ಎಂಬ ಸುದ್ದಿ ಬಂತು. ಸಂದರ್ಶನಕ್ಕೆ ಎಂಟೇ ದಿನ. ನನಗೆ ಬೇರೆ ಯಾವ ದಾರಿಯೂ ಇರಲಿಲ್ಲ, ಮಾರುವುದೊಂದೇ ಬರುತ್ತಿತ್ತು. ಮಾಸ್ತರ ಮೆಟ್ಟಿಲು ಹತ್ತಿದೆ.

ಊರುಗಳ ಹೆಸರು ಹೇಳಿಸಿಕೊಂಡರು, ಅಂಗಡಿಗಳ ಹೆಸರು ಹೇಳಿಸಿಕೊಂಡರು. ಎಲ್ಲಾ ಸರಾಗ ನಡೆಯಿತು. "ಹಿಂದಿನ ಕೆಲಸ ಯಾಕ ಬಿಟ್ಟಿ?" ಎಂದರು.

"ಸ್ವಂತ ಕಾರಣ ಅಂತ ಹೊಡೀರಿ ಮಾಸ್ತರ್."

"ಸ್ವಂತ ಕಾರಣ ಅಂದ್ರ? ಮೂಲವ್ಯಾಧಿಯೋ, ಮದಿವಿಯೋ?"

ಅವರು ಕೀಲಿಗಳ ಮೇಲಿಂದ ಕೈ ತೆಗೆದರು. ಸುಳ್ಳು ಹೇಳಿದವನ ಹುಬ್ಬು ಏನಾಯಿತೆಂದು ನಾನು ಬಲ್ಲೆ. "ಗಿರಾಕಿಗೆ ಹೊಡದೆ" ಎಂದೆ.

"ಏನ್ ಹೊಡದಿ? ಎಣ್ಣಿನಾ?"

"ಎಣ್ಣಿ ಅಲ್ರಿ. ಅವರಿಗೇ ಹೊಡದೆ. ಹಲ್ಲು ಬಿತ್ತು."

ಎದ್ದದ್ದು ಕಾಣಲಿಲ್ಲ. ಎಡಗೈಯ ಏಟು ಬಲಗೆನ್ನೆಗೆ ಬಿದ್ದು ನಾನು ಕುರ್ಚಿಯ ಸಮೇತ ಕೆಳಗೆ ಬಿದ್ದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅವರು ಯಾವಾಗಲೂ ಎಡಗೈಯಲ್ಲೇ ಹೊಡೆಯುತ್ತಿದ್ದರು. ನಾನು ಏಳುವಷ್ಟರಲ್ಲಿ ಅವರು ಕೂತು ಟಕಟಕ ಕುಟ್ಟಿ ಮುಗಿಸಿದ್ದರು. ಹಾಳೆ ಎಳೆದು ಮುಖಕ್ಕೆ ಹಿಡಿದರು. ಕೆಲಸ ಬಿಟ್ಟ ಕಾರಣ: ಗಿರಾಕಿಗೆ ಹೊಡೆದೆ, ಎಂದು ಇಂಗ್ಲಿಷಿನಲ್ಲಿ ಇತ್ತು. ಅದರ ಕೆಳಗೆ ಒಂದು ಸಾಲಿನ ಜಾಗ ಖಾಲಿ.

ನನಗೂ ರಕ್ತ ತಲೆಗೇರಿತು. ಅವರ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಅವರು ಬಿಡಿಸಿಕೊಳ್ಳಲಿಲ್ಲ. "ಹೊಡಿ. ಹೊಡೀಲೇ. ನಿನಗ ಬರೋದು ಅದೊಂದ ಅಲ್ಲೇನು?" ಎಂದರು. ನನ್ನ ಕೈ ಸಡಿಲವಾಯಿತು. ಆಮೇಲೆ ಅವರು ಕೊರಳಪಟ್ಟಿ ಸರಿಮಾಡಿಕೊಂಡು, ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟರು. "ಆ ಮನಷ್ಯಾನ ಮನಿಗೆ ಹೋಗು. ಹೋಗಿ ಬಂದು ಇಲ್ಲಿ ಏನ್ ಬರೀಬೇಕು ಹೇಳು. ಹೋಗಾಕ ಧಮ್ ಇಲ್ಲ ಅಂದ್ರ ಇದ ಬೀದ್ಯಾಗ ಇನ್ನೂ ನಾಕು ಮಂದಿ ಟೈಪ್ ಹೊಡಿಯಾವ್ರು ಅದಾರ. ಸ್ವಂತ ಕಾರಣ ಅಂತ ಚಂದಾಗಿ ಹೊಡದು ಕೊಡ್ತಾರ."

ಕೆಳಗೆ ಕಾಸಿಂಸಾಬರು ನನ್ನ ಕೆನ್ನೆ ನೋಡಿ, "ಬಿತ್ತೇನ್ರಿ? ಹಂಗಾರ ನೌಕರಿ ಸಿಕ್ಕಂಗ ಬಿಡ್ರಿ. ಚಾ ಹೊಡೀರಿ" ಎಂದು ಲೋಟ ಮುಂದಿಟ್ಟರು. ನಾನು ಚಹಾ ಕುಡಿದು ನೇರ ಇನ್ನೊಬ್ಬ ಟೈಪಿಸ್ಟ್ ಹತ್ತಿರ ಹೋಗಿ ಸ್ವಂತ ಕಾರಣ ಎಂದು ಹೊಡೆಸಿಕೊಂಡೆ. ಸುಳ್ಳೇಕೆ ಹೇಳಲಿ. ಎರಡು ಹಾಳೆಗಳನ್ನೂ ಜೇಬಿನಲ್ಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಆ ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ಮಾಸ್ತರು ಬೆರಳಿಟ್ಟ ಜಾಗ. ಅಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಬೆಳಿಗ್ಗೆ ಆ ಓಣಿಗೆ ಹೋದೆ. ರೈತ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ, ಮುಂದಿನ ಹಲ್ಲಿನ ಜಾಗ ಖಾಲಿ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನ ತಾಯಿ ಬಂದಳು. ಎಪ್ಪತ್ತು ದಾಟಿದ ಮುದುಕಿ. ಅಂಗಳ ಗುಡಿಸುತ್ತಿದ್ದ ಕಸಬರಿಗೆ ಕೈಯಲ್ಲೇ ಇತ್ತು. "ನನ್ನ ಮಗನ ಹಲ್ಲು ಮುರದಾಂವ ನೀನ ಏನಲೇ, ಬಾಡ್ಯಾ?" ಎಂದು ಶುರುಮಾಡಿದವಳು ತಲೆ, ಬೆನ್ನು, ಮುಖ ಎಂದು ನೋಡದೆ ಬಾರಿಸಿದಳು. ಕಸಬರಿಗೆಯ ಕಡ್ಡಿ ತಾಗಿ ತುಟಿ ಹರಿಯಿತು. ಓಣಿಯೆಲ್ಲ ಸೇರಿತು. ಬಿಡಿಸಲು ಯಾರೂ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ನಾನು ಕೈ ಎರಡೂ ಹಿಂದೆ ಕಟ್ಟಿಕೊಂಡು ನಿಂತೆ. ಕಸಬರಿಗೆಯ ಹಗ್ಗ ಬಿಚ್ಚಿ ಕಡ್ಡಿಗಳು ಚೆಲ್ಲಿದ ಮೇಲೆ ಅವಳು ಏದುಸಿರು ಬಿಡುತ್ತ ಕೂತಳು.

"ಯಾಕ ಬಂದಿ?" ಎಂದು ರೈತ ಕೇಳಿದ.

"ಆ ಡಬ್ಬಿ ಹಳೇದಿತ್ರಿ. ನನಗ ಗೊತ್ತಿತ್ತು" ಎಂದೆ. ತುಟಿಯ ರಕ್ತ ಬಾಯಿಗೆ ಬರುತ್ತಿತ್ತು.

ಅವನು ಬೀಡಿ ಪೂರ್ತಿ ಸೇದಿ ಮುಗಿಸಿದ. "ಮೆಣಸಿನ ಗಿಡಕ್ಕ ಹುಳ ಬಿದ್ದಾವ. ಎಣ್ಣಿ ಹೊಡಿಯಾಕ ಆಳು ಸಿಗವಲ್ರು. ಹೊಸಾ ಡಬ್ಬಿ ತಗೊಂಡು ನಾಳೆ ಹೊಲಕ್ಕ ಬಾ" ಎಂದ.

ಮೂರು ದಿನ ಬೆನ್ನಿಗೆ ಪಂಪು ಕಟ್ಟಿಕೊಂಡು ಅವನ ಹೊಲಕ್ಕೆ ನಾನೇ ಎಣ್ಣಿ ಹೊಡೆದೆ. ಹರಿದ ತುಟಿಗೆ ಔಷಧದ ಹನಿ ಸಿಡಿದಾಗ ಜೀವ ಹೋಗುವಷ್ಟು ಉರಿಯುತ್ತಿತ್ತು. ನಾಲ್ಕನೆಯ ದಿನ ಅವನು ಎಲೆ ತಿರುವಿ ನೋಡಿ, "ಇದು ಚಲೋ ಐತಿ. ಇನ್ನೊಂದು ಡಬ್ಬಿ ತಂದುಕೊಡು" ಎಂದ. ಅಷ್ಟೇ. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಮುದುಕಿ ಮಾತ್ರ ಕೊನೆಯವರೆಗೂ ನನ್ನೊಡನೆ ಮಾತಾಡಲಿಲ್ಲ.

ಮಾಸ್ತರು ಎಲ್ಲವನ್ನೂ ಕೇಳಿದರು. ಹೊಡೆದ ಗಿರಾಕಿಯ ಹೊಲಕ್ಕೆ ನಾನೇ ಹೋಗಿ ಎಣ್ಣಿ ಹೊಡೆದೆ, ಅವರು ಎರಡನೇ ಸಲ ನನ್ನಿಂದ ತೆಗೆದುಕೊಂಡರು, ಎಂದು ಆ ಸಾಲಿನಲ್ಲಿ ಕುಟ್ಟಿದರು. "ಇಂಗ್ಲಿಷಿನಾಗ ಎರಡು ಹೊಡೆತಕ್ಕ ಎರಡು ಶಬ್ದ ಬೇಕು ನೋಡು. ನಮಗ ಒಂದ ಸಾಕು" ಎಂದು ಹಾಳೆ ಕೊಟ್ಟರು. ಹೊಗಳಲಿಲ್ಲ. ನನ್ನ ತುಟಿಯನ್ನು ಮಾತ್ರ ಬಹಳ ಹೊತ್ತು ನೋಡಿದರು.

ಸ್ಟೇಷನ್ ಹತ್ತಿರದ ಲಾಡ್ಜಿನ ಕೋಣೆಯಲ್ಲಿ ಸಂದರ್ಶನ. ಮದರಾಸಿನಿಂದ ಬಂದ ಮ್ಯಾನೇಜರು ಆ ಎರಡು ಸಾಲುಗಳನ್ನು ಎರಡು ಸಲ ಓದಿ, "ಬೆಳಿಗ್ಗೆಯಿಂದ ಬಂದವರೆಲ್ಲ ಸ್ವಂತ ಕಾರಣಕ್ಕೇ ಕೆಲಸ ಬಿಟ್ಟಿದ್ದಾರೆ. ಕಾರಣ ಇಟ್ಟುಕೊಂಡು ಬಂದವನು ನೀನೊಬ್ಬ" ಎಂದರು. ಇನ್ನೊಮ್ಮೆ ಕೈ ಎತ್ತುತ್ತೀಯಾ ಎಂದು ಕೇಳಿದರು. ಗೊತ್ತಿಲ್ಲ ಸರ್, ಎತ್ತಿದರೆ ಮಾರನೆಯ ದಿನವೇ ಅವರ ಮನೆಗೆ ಹೋಗುತ್ತೇನೆ ಎಂದೆ. ಕೆಲಸ ಸಿಕ್ಕಿತು. ನನಗೆ ಬಿದ್ದದ್ದು ಸಿರುಗುಪ್ಪ ಲೈನ್.

ಪೇಡೆ ಕಟ್ಟಿಸಿಕೊಂಡು ಮಾಸ್ತರ ಹತ್ತಿರ ಓಡಿದೆ. ಸಿರುಗುಪ್ಪ ಎಂದ ಕೂಡಲೇ ಅವರ ಮುಖ ಕಪ್ಪಿಟ್ಟಿತು. ಎದ್ದು ಬಾಗಿಲು ಮುಂದೆ ಮಾಡಿದರು.

"ಅಲ್ಲಿ ಒಬ್ಬಾತ ಅದಾನ. ಎಡಗಿವಿ ಕೇಳಂಗಿಲ್ಲ. ಭತ್ತ ಬೆಳೀತಾನ. ಜಾಸ್ತಿ ಖರ್ಚಾಗ್ಲಿ ಅಂತ ನಾನು ಎಣ್ಣಿ ಅಳತಿ ಎರಡರಷ್ಟು ಹೇಳಿದ್ದೆ. ಸಸಿ ಸುಟ್ಟು ಹೋತು. ಅಂಗಡಿ ಮುಂದ ನಮ್ಮ ಸಾಹೇಬರ ಎದುರಿಗೆ ಕೇಳಿಬಿಟ್ಟ. ಮುಷ್ಟಿ ಕಟ್ಟಿ ಹೊಡದೆ. ಕೆಳಗ ಬಿದ್ದ ಮ್ಯಾಲೂ ಹೊಡದೆ."

ನಾನು ಅವರ ಬಲಗೈ ನೋಡಿದೆ. ಸಿರುಗುಪ್ಪದಲ್ಲಿ ಹೊಡೆದಾಗ ಮುರಿದದ್ದು ಎಂದು ಅವರು ನೂರು ಸಲ ಹೇಳಿದ್ದರು. ಯಾರು ಯಾರಿಗೆ ಹೊಡೆದಾಗ ಎಂದು ನಾವು ಒಬ್ಬರೂ ಕೇಳಿರಲಿಲ್ಲ. ಅವರೂ ತಿದ್ದಿರಲಿಲ್ಲ.

"ನೀವು ಹೋಗಲಿಲ್ಲೇನ್ರಿ?"

"ಇಲ್ಲ."

"ಈಗ ಬರ್ರಿ. ನನ್ನ ಜೋಡಿ ಬರ್ರಿ. ನಾನಿರ್ತೀನಿ."

"ಅಲ್ಲಿ ನನ್ನ ಸುದ್ದಿ ಎತ್ತಿದಿ ಅಂದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ!" ಎಂದು ಕಿರುಚಿ ಪೇಡೆಯ ಪೊಟ್ಟಣವನ್ನು ಗೋಡೆಗೆ ಬಡಿದರು. ಆಮೇಲೆ ನೆಲದ ಮೇಲೆ ಕೂತು ಒಂದೊಂದೇ ಪೇಡೆ ಆರಿಸಿ ಮೇಜಿನ ಮೇಲಿಟ್ಟರು. ನನಗೆ ಅವರ ಮೇಲೆ ಮೊದಲ ಸಲ ಕರುಣೆ ಬಂತು, ಜೊತೆಗೇ ಸಿಟ್ಟೂ ಬಂತು. ನನ್ನನ್ನು ಕಳಿಸಿದಲ್ಲಿಗೆ ತಾವು ಹೋಗದವರು! ಆದರೂ ಅವರ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟೇ ಮೆಟ್ಟಿಲು ಇಳಿದೆ.

ಎಡಗಿವಿ ಕೇಳದ ಆ ರೈತನನ್ನು ನಾನು ಒಂದೇ ತಿಂಗಳಲ್ಲಿ ಹುಡುಕಿದೆ, ಮುದುಕನಾಗಿದ್ದ. ಬಲಗಡೆ ಕೂತು ಮಾತಾಡಿದರೆ ಎಲ್ಲವೂ ಕೇಳುತ್ತಿತ್ತು. ನನ್ನ ಗಿರಾಕಿಯೂ ಆದ. ಮಾಸ್ತರ ಸುದ್ದಿ ಎತ್ತಲಿಲ್ಲ, ಮಾತು ಕೊಟ್ಟಿದ್ದೆ. ಪ್ರತಿ ತಿಂಗಳು ಲೈನ್ ಮುಗಿಸಿ ಬಂದಾಗ ಅವರು ಟೈಪು ನಿಲ್ಲಿಸದೆಯೇ, "ಹೆಂಗದಾನ?" ಎನ್ನುವರು. "ಚಲೋ ಅದಾರ್ರಿ." "ಕಿವಿ?" "ಹಂಗ ಐತ್ರಿ." ಅಷ್ಟೇ ಮಾತು. ಒಂದು ಸಲ ಚೀಲ ಹಿಡಿದು ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಸಿರುಗುಪ್ಪ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲೂ ಇಟ್ಟರು. ಕಂಡಕ್ಟರ್ "ಹತ್ರಿ ಅಜ್ಜಾರ" ಎಂದದ್ದೇ ನೆಪವಾಗಿ, ಯಾರಿಗೆ ಅಜ್ಜ ಅಂತೀಯಲೇ ಎಂದು ಅವನ ಕೊರಳಿಗೆ ಕೈ ಹಾಕಿ, ದೊಡ್ಡ ರಾದ್ಧಾಂತ ಮಾಡಿ ತಿರುಗಿ ಹೋದರು. ಹುಡುಗರಿಗೆ ಬೀಳುತ್ತಿದ್ದ ಏಟು ಆ ವಾರ ಹೆಚ್ಚಾಯಿತು ಎಂದು ಕಾಸಿಂಸಾಬರು ಹೇಳಿದರು.

ಈಗ ಅವರಿಲ್ಲ. ಕೊಟ್ಟ ಮಾತೂ ಅವರ ಜೊತೆಗೇ ಮುಗಿಯಿತು ಎಂದುಕೊಂಡು ಮೊನ್ನೆ ಸಿರುಗುಪ್ಪಕ್ಕೆ ಹೋದೆ. ಮುದುಕ ಮನೆಯ ಮುಂದೆ ಕೋಲು ಹಿಡಿದು ಕೂತಿದ್ದ. ಬಲಗಡೆ ಕೂತು, "ಅಪ್ಪಾರ, ನಿಮ್ಮ ಕಿವಿಗೆ ಹೊಡದಿದ್ರಲ್ಲ ಎಣ್ಣಿ ಕಂಪನಿಯವರು, ಅವರು ತೀರಿಕೊಂಡ್ರು" ಎಂದೆ.

"ಎಲ್ಲಿದ್ದ?"

"ಬಳ್ಳಾರ್ಯಾಗ."

"ಬಳ್ಳಾರ್ಯಾಗ? ನಾನು ಮದರಾಸಿಗೆ ಓಡಿ ಹೋಗ್ಯಾನ ಅಂದ್ಕೊಂಡಿದ್ದೆ. ಇಲ್ಲೇ ಇದ್ದನ?"

ಇದ್ದದ್ದೆಲ್ಲ ಹೇಳಿದೆ. ತಿಂಗಳು ತಿಂಗಳು ಕಿವಿಯನ್ನು ವಿಚಾರಿಸುತ್ತಿದ್ದದ್ದು, ಬಸ್ಸಿನಿಂದ ಕಾಲು ಹಿಂದೆ ತೆಗೆದದ್ದು. ಮುದುಕ ಒಮ್ಮೆಲೇ ಎದ್ದು ನಿಂತು ಕೋಲನ್ನು ಕಟ್ಟೆಯ ಕಲ್ಲಿಗೆ ಬಡಿದ. ಎರಡನೆಯ ಹೊಡೆತಕ್ಕೆ ಕೋಲು ಮುರಿಯಿತು.

"ಬಂದಿದ್ರ ಒಂದು ಬಿಗೀತಿದ್ದೆ. ಹಲ್ಲು ಉದುರೋ ಹಂಗ ಬಿಗೀತಿದ್ದೆ. ಆಮ್ಯಾಲೆ ಒಳಗ ಕರದು ಅನ್ನ ಹಾಕ್ತಿದ್ದೆ. ಇಷ್ಟೇ ಇತ್ತಲ್ಲಪ್ಪ ಕೆಲಸ! ಇಷ್ಟಕ್ಕ ಇಪ್ಪತ್ತು ವರ್ಷ ಹೆದರಿ ಕುಂತನೇನು, ಆ ಹುಚ್ಚ?"